ದೊಡ್ಡಮ್ಮ ಕಾದ ಅವನ್

ಬೋರಲು ಮಲಗಿಕೊಂಡು ಒಲೆ ಹಚ್ಚುವ ಹೆಂಗಸರು ನಿಮ್ಮ ಕಡೆ ಯಾರಾದರೂ ಇದ್ದಾರೆಯೇ? ಇಲ್ಲದಿದ್ದರೆ ನೆಲಮಂಗಲಕ್ಕೆ ಬಂದು ನನ್ನನ್ನು ನೋಡಬಹುದು. ಎಡಗೆನ್ನೆಯನ್ನು ನೆಲಕ್ಕೆ ಒತ್ತಿ, ಒಂದು ಕೈಯಲ್ಲಿ ಗುಂಡಿಯನ್ನು ಅದುಮಿ ಹಿಡಿದು, ಇನ್ನೊಂದು ಕೈಯಲ್ಲಿ ಉರಿಯುವ ಕಡ್ಡಿಯನ್ನು ಕತ್ತಲೆ ತುಂಬಿದ ತೂತಿಗೆ ತೂರಿಸಿ, ಹದಿಮೂರರ ಮಗ್ಗಿ ಹೇಳುತ್ತೇನೆ. ಮಗ್ಗಿ ಯಾಕೆಂದರೆ, ಬೆಂಕಿ ಹತ್ತಿದ ತಕ್ಷಣ ಗುಂಡಿ ಬಿಟ್ಟರೆ ಅದು ಆರಿಹೋಗುತ್ತದೆ. ಒಳಗಿರುವ ಒಂದು ಸಣ್ಣ ಕಡ್ಡಿ ಬಿಸಿಯಾಗಿ, ಇವಳು ನಿಜವಾಗಿಯೂ ಬೇಯಿಸಲು ಬಂದವಳು ಎಂದು ನಂಬುವವರೆಗೆ ಅದುಮಿಯೇ ಇರಬೇಕು. ಅದು ನಂಬುವುದಕ್ಕೂ ನನ್ನ ಮಗ್ಗಿ ಮುಗಿಯುವುದಕ್ಕೂ ಸರಿಹೋಗುತ್ತದೆ. ಹದಿಮೂರೆಂಟಲ ಎಷ್ಟು ಎನ್ನುವಲ್ಲಿ ನಾನು ಪ್ರೈಮರಿ ಶಾಲೆಯಿಂದಲೂ ತಡವರಿಸುವವಳು. ಹಾಗಾಗಿ ಒಮ್ಮೊಮ್ಮೆ ಒಲೆಯೇ ನನಗಿಂತ ಮೊದಲು ಸಿದ್ಧವಾಗಿರುತ್ತದೆ.

ಈ ಒಲೆ ಇರುವುದು ಮನೆಯೊಳಗಲ್ಲ, ಮನೆಯ ಮುಂದೆ ನಿಂತಿರುವ ಟ್ರೇಲರಿನಲ್ಲಿ. ಜೀಪಿನ ಹಿಂದೆ ಸಿಕ್ಕಿಸಿ ಎಳೆದುಕೊಂಡು ಹೋಗುವ, ಎರಡು ಚಕ್ರದ ಮೇಲೆ ಕೂತ ಪುಟ್ಟ ಮನೆ ಅದು. ಮಡಚುವ ಹಾಸಿಗೆ, ಮಡಚುವ ಮೇಜು, ಅಂಗೈಯಗಲದ ಸಿಂಕು, ಮೂರು ಬರ್ನರಿನ ಸ್ಟವ್, ಅದರ ಹೊಟ್ಟೆಯಲ್ಲಿ ಗ್ಯಾಸಿನಿಂದ ಉರಿಯುವ ಅವನ್. ಯಾವುದೋ ರೆಸಾರ್ಟಿನವರು ಇದನ್ನು ಯಾವುದೋ ದೇಶದಿಂದ ತರಿಸಿಕೊಂಡಿದ್ದರಂತೆ. ರೆಸಾರ್ಟು ಮುಚ್ಚಿದ ಮೇಲೆ ಇದು ದೇವನಹಳ್ಳಿ ಹತ್ತಿರ ಗುಜರಿಯಲ್ಲಿ ಹುಲ್ಲಿನ ನಡುವೆ ನಿಂತಿತ್ತು. ನಮ್ಮವರು ಜೀವಮಾನವೆಲ್ಲ ಸೋಂಪುರದ ಕಾರ್ಖಾನೆಯೊಂದರಲ್ಲಿ ಕಬ್ಬಿಣ ಬೆಸೆದವರು. ನಿವೃತ್ತರಾದ ಮೇಲೆ ಬೇರೆ ಗಂಡಸರು ವಾಕಿಂಗಿಗೆ ಹೋಗುತ್ತಾರೆ, ಇವರು ಗುಜರಿಗೆ ಹೋಗುತ್ತಾರೆ. ಒಂದು ದಿನ ಸಾಯಂಕಾಲ ಈ ಡಬ್ಬವನ್ನು ಎಳೆದುಕೊಂಡು ಬಂದು ಮನೆ ಮುಂದೆ ನಿಲ್ಲಿಸಿ, ಹೊಸ ಸೊಸೆಯನ್ನು ಕರೆತಂದವರ ಹಾಗೆ ಮುಖ ಮಾಡಿಕೊಂಡು ನಿಂತರು.

ನಮ್ಮೂರ ಜನಕ್ಕೆ ಚಕ್ರದ ಮೇಲಿರುವ ಅಡುಗೆಮನೆ ಎಂದರೆ ಒಂದೇ ಅರ್ಥ. ಮೊದಲ ವಾರವೇ ಎದುರು ಮನೆಯವರು ಬಂದು, ತಟ್ಟೆ ಇಡ್ಲಿ ಹಾಕುತ್ತೀರೋ ಬಿರಿಯಾನಿಯೋ ಎಂದು ವಿಚಾರಿಸಿದರು. ಒಂದು ಬೆಳಿಗ್ಗೆ, ಹೊಸ ಸ್ಟವ್ ಹೇಗಿದೆ ನೋಡೋಣವೆಂದು ನಾನು ಅದರೊಳಗೆ ಉಪ್ಪಿಟ್ಟು ಕೆದಕುತ್ತಿದ್ದೆ. ಬೈಕು ನಿಲ್ಲಿಸಿದ ಇಬ್ಬರು ಹುಡುಗರು ಕಿಟಕಿಯೊಳಗೆ ಕತ್ತು ಹಾಕಿ, ಏನೇನಿದೆ ಆಂಟಿ ಎಂದರು. ಹಸಿದ ಮುಖಗಳು, ಇಲ್ಲವೆನ್ನಲು ಮನಸ್ಸಾಗಲಿಲ್ಲ, ಎರಡು ತಟ್ಟೆಗೆ ಹಾಕಿಕೊಟ್ಟೆ. ದುಡ್ಡು ಬೇಡವೆಂದಾಗ ಅವರಿಗೆ ಗಾಬರಿಯಾಯಿತು. ಹೋಗುವಾಗ, ಚಟ್ನಿ ಒಂದಿದ್ದರೆ ವ್ಯಾಪಾರ ಚೆನ್ನಾಗಿ ಆಗುತ್ತದೆ ಎಂದು ಬುದ್ಧಿ ಹೇಳಿ ಹೋದರು.

ಗಾಡಿ ಬಂದ ದಿನವೇ ನೋಡಿದ್ದೆ, ಅವನ್ನಿನ ಬಾಗಿಲಿಗೆ ಒಂದು ಚೀಟಿ ಅಂಟಿಸಿತ್ತು. ಪ್ರೊಪೇನ್ ಮಾತ್ರ ಬಳಸಬೇಕು ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಸಿಲಿಂಡರ್ ತರುವವನನ್ನು ಕೇಳಿದೆ. ಅವನು ತಲೆ ಕೆರೆದುಕೊಂಡು, ಆ ಕಂಪನಿದು ನಮ್ಮ ಕಡೆ ಸಪ್ಲೈ ಇಲ್ಲ ಮೇಡಂ ಎಂದ. ನಮ್ಮವರು ನಕ್ಕು, ನಮ್ಮ ಅಡುಗೆ ಗ್ಯಾಸಿನಲ್ಲೂ ಆ ಪ್ರೊಪೇನ್ ಬೆರೆತಿರುತ್ತದೆ, ಎರಡೂ ಒಂದೇ ವಂಶದವು ಎಂದು ವಿವರಿಸಿದರು. ಗ್ಯಾಸ್ ರಿಪೇರಿಯವನನ್ನು ಕರೆಸಿ, ಒಳಗೆ ಗ್ಯಾಸು ಚಿಮ್ಮುವ ಸಣ್ಣ ತೂತಿನ ಜೆಟ್ಟು, ರೆಗ್ಯುಲೇಟರು, ಪೈಪು ಎಲ್ಲ ಬದಲಾಯಿಸಿ, ಸೋಪಿನ ನೊರೆ ಹಚ್ಚಿ, ಎಲ್ಲೂ ಗುಳ್ಳೆ ಬರುವುದಿಲ್ಲ ಎಂದು ನೋಡಿದ ಮೇಲೆಯೇ ಹಚ್ಚಲು ಬಿಟ್ಟರು. ಅಂದಿನಿಂದ ನಾನು ಕಡ್ಡಿಪೆಟ್ಟಿಗೆ ಕೈಗೆ ತೆಗೆದುಕೊಂಡರೆ ಸಾಕು, ಎಲ್ಲಿದ್ದರೂ ಅಲ್ಲಿಂದಲೇ 'ಕಿಟಕಿ' ಎಂದು ಕೂಗುತ್ತಾರೆ. ಕಿಟಕಿ ಮುಚ್ಚಿದ ಡಬ್ಬದಲ್ಲಿ ಗ್ಯಾಸ್ ಉರಿಸಬಾರದು ಎನ್ನುವುದು ನಮ್ಮ ಮನೆಯಲ್ಲಿ ಈಗ ಬೆಳಗಿನ ನಮಸ್ಕಾರದಷ್ಟು ಮಾಮೂಲಾಗಿದೆ.

ಇಷ್ಟೆಲ್ಲ ಉಪಚಾರ ಮಾಡಿಸಿಕೊಂಡ ಅವನ್ ನನಗೆ ಮೊದಲ ದಿನ ಕೊಟ್ಟಿದ್ದು ಏನೆಂದರೆ, ಹಿಂದೆ ಇದ್ದಿಲು, ಮುಂದೆ ಹಸಿ ಹಿಟ್ಟು. ಬೆಂಕಿ ಇರುವುದು ಹಿಂಬದಿಯಲ್ಲಿ, ಜಾಗವೋ ಸಣ್ಣದು. ತಟ್ಟೆಯ ಹಿಂದಿನ ಸಾಲಿನ ಬಿಸ್ಕತ್ತುಗಳು ಸುಟ್ಟು ಕಪ್ಪಾಗಿದ್ದವು. ಬಾಗಿಲ ಹತ್ತಿರದವು ಬೆರಳಿಗೆ ಅಂಟುತ್ತಿದ್ದವು. ನಡುವಿನ ಒಂದು ಸಾಲು ಮಾತ್ರ ಬಿಸ್ಕತ್ತು ಎನಿಸಿಕೊಳ್ಳುವ ಹಾಗಿತ್ತು. ನಮ್ಮವರು ಆ ಒಂದು ಸಾಲನ್ನು ತಿಂದು, ಪರವಾಗಿಲ್ಲ ಎಂದರು. ಮದುವೆಯಾದಾಗಿನಿಂದ ನನ್ನ ಕೆಟ್ಟ ಅಡುಗೆಗೆಲ್ಲ ಅವರು ಕೊಡುವ ಸರ್ಟಿಫಿಕೇಟು ಅದೇ.

ಆದರೆ ಆ ಸೀದ ಬೆಣ್ಣೆಯ ವಾಸನೆ ಟ್ರೇಲರಿನ ತುಂಬ ತುಂಬಿಕೊಂಡಿತಲ್ಲ, ನಾನು ಅಲ್ಲಿರಲಿಲ್ಲ. ದೊಡ್ಡಬಳ್ಳಾಪುರದ ಒಂದು ಗಲ್ಲಿಯಲ್ಲಿ, ಲಂಗ ಎತ್ತಿ ಹಿಡಿದುಕೊಂಡು, ಊಟದ ಕ್ಯಾರಿಯರ್ ತೂಗಾಡಿಸುತ್ತ ಹೋಗುತ್ತಿದ್ದೆ.

ನಿಮ್ಮ ಊರಲ್ಲೂ ಇದ್ದೀತು, ನಿಮಗೂ ನೆನಪಿದ್ದೀತು. ಬೇಸಿಗೆ ರಜೆ ಬಂತೆಂದರೆ ನಮ್ಮ ಕಡೆ ಮನೆಮನೆಯವರೂ ಮೈದಾ, ಸಕ್ಕರೆ, ಬೆಣ್ಣೆ ಹೊತ್ತುಕೊಂಡು ಬೇಕರಿಗೆ ಹೋಗುತ್ತಿದ್ದರು. ಬೆಳಗಿನ ಬ್ರೆಡ್ಡು ಬೆಂದು ಹೊರಗೆ ಬಂದ ಮೇಲೆ, ಸೌದೆ ಒಲೆಯಲ್ಲಿ ಉಳಿದ ಕಾವು ಊರಿನವರ ಪಾಲಿಗೆ. ಬೇಕರಿಯವರು ನಮ್ಮ ಸಾಮಾನಿನಲ್ಲೇ ಹಿಟ್ಟು ಕಲಸಿ, ಉಂಡೆ ತಟ್ಟಿ, ದೋಣಿಯ ಹುಟ್ಟಿನಂಥ ಉದ್ದನೆಯ ಹಲಗೆಯಿಂದ ತಟ್ಟೆಗಳನ್ನು ಒಳಗೆ ತಳ್ಳುತ್ತಿದ್ದರು. ಒಂದೇ ಒಲೆಯಲ್ಲಿ ಐದಾರು ಮನೆಯ ಬಿಸ್ಕತ್ತು. ಕಲೆತುಹೋಗಬಾರದೆಂದು ಪ್ರತಿ ಮನೆಗೂ ಒಂದೊಂದು ಗುರುತು. ಪಕ್ಕದ ಮನೆಯವರು ಸೋಡಾ ಬಾಟಲಿಯ ಮುಚ್ಚಳ ಒತ್ತುತ್ತಿದ್ದರು, ಮೂಲೆಮನೆಯವರು ಬಾಚಣಿಗೆ. ನಮ್ಮದು ಮಗ್ಗದ ಮನೆ, ಹಾಗಾಗಿ ಸೀರೆಯ ಅಡ್ಡನೂಲು ಸುತ್ತುವ ಪುಟ್ಟ ಕೊಳವೆ, ಕಂಡಿಕೆಯ ತುದಿ ಒತ್ತಿದ ದುಂಡು ಗುರುತು. ಬಾಚಣಿಗೆಯ ಗುರುತಿನ ಬಿಸ್ಕತ್ತನ್ನು ತಿನ್ನುವಾಗ ತಲೆಯ ಎಣ್ಣೆಯ ವಾಸನೆ ಬರುತ್ತದೆಂದು ನಾವು ಮಕ್ಕಳು ಆ ಮನೆಯವರನ್ನು ಗೋಳುಹೊಯ್ದುಕೊಳ್ಳುತ್ತಿದ್ದೆವು. ಅವರು ಕೊಟ್ಟರೆ ಬೇಡವೆನ್ನುತ್ತಲೂ ಇರಲಿಲ್ಲ.

ಬೇಕರಿಗೆ ಹೋಗುವ ಕೆಲಸ ನಮ್ಮ ಮನೆಯಲ್ಲಿ ದೊಡ್ಡಮ್ಮನದು. ದೊಡ್ಡಮ್ಮ ಎಂದರೆ ನನ್ನ ಅಮ್ಮನ ಅಕ್ಕ. ಮದುವೆಯಾಗಿ ಹೊಸಕೋಟೆ ಕಡೆಗೆ ಹೋದವಳು, ಸರಿಯಾಗಿ ಸಂಸಾರ ಹೂಡುವ ಮೊದಲೇ ಗಂಡನನ್ನು ಕಳೆದುಕೊಂಡು ತಂಗಿಯ ಮನೆಗೆ ಬಂದು ಸೇರಿಕೊಂಡಳು. ನನ್ನನ್ನೂ ತಮ್ಮ ಮಂಜುವನ್ನೂ ಎತ್ತಿ ಆಡಿಸಿದ್ದು ಅವಳೇ. ನಮ್ಮ ಮನೆಯಲ್ಲಿ ಯಾರೂ ಅವಳಿಗೆ ಒಂದು ಮಾತು ಅಂದವರಲ್ಲ. ಆದರೆ ಅವಳು ಬರಿಗೈಯಲ್ಲಿ ಕೂತದ್ದನ್ನು ಮಾತ್ರ ನಾನು ಕಂಡಿಲ್ಲ. ರಾಟೆ ತಿರುಗಿಸಿ ಕಂಡಿಕೆ ಸುತ್ತುತ್ತಿರಬೇಕು, ಇಲ್ಲ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿರಬೇಕು, ಅದೂ ಇಲ್ಲವೆಂದರೆ ಯಾರದಾದರೂ ಮಗುವಿನ ತಲೆ ನೋಡುತ್ತಿರಬೇಕು. ಮದುವೆಮನೆಗೆ ಕರೆದುಕೊಂಡು ಹೋದರೆ ಸೀದಾ ಅಡುಗೆ ಕಡೆಗೆ ನಡೆದು ತೆಂಗಿನಕಾಯಿ ತುರಿಯಲು ಕೂರುತ್ತಿದ್ದಳು. ಆ ಕಾಲದಲ್ಲಿ ಅವಳ ಸ್ಥಿತಿಯ ಹೆಂಗಸು ಕೈಯಲ್ಲಿ ಕೆಲಸವಿಲ್ಲದೆ ಬೀದಿಯಲ್ಲಿ ಕಂಡರೆ, ಯಾಕೆ ಬಂದೆ ಎಂದು ಯಾರಾದರೂ ಕೇಳುತ್ತಿದ್ದರು. ಆ ಪ್ರಶ್ನೆಗೆ ಉತ್ತರವನ್ನು ಅವಳು ಸದಾ ಕೈಯಲ್ಲೇ ಹಿಡಿದು ಓಡಾಡುತ್ತಿದ್ದಳು.

ಬೇಕರಿಯಲ್ಲಿ ಅವಳ ಕೆಲಸ ಬೆಣ್ಣೆ ಕಾಯುವುದು. ನಮ್ಮ ಬೆಣ್ಣೆ ತೆಗೆದಿಟ್ಟುಕೊಂಡು ಡಾಲ್ಡಾ ಹಾಕಿಬಿಡುತ್ತಾರೆ, ಮೊಟ್ಟೆ ತಾಗಿದ ತಟ್ಟೆಯಲ್ಲಿ ನಮ್ಮದನ್ನು ಇಟ್ಟುಬಿಡುತ್ತಾರೆ ಎಂದು ಅವಳ ವಾದ. ಬೆಳಿಗ್ಗೆ ಹೋದವಳು ಮಧ್ಯಾಹ್ನವಾದರೂ ಬೇಕರಿಯ ಹಿಂಬಾಗಿಲ ಮೆಟ್ಟಿಲ ಮೇಲೆ, ಒಲೆಯ ಕಾವಿಗೆ ಬೆನ್ನು ಕೊಟ್ಟು ಕೂತಿರುತ್ತಿದ್ದಳು. ನಾನು ಕ್ಯಾರಿಯರ್ ತೆಗೆದುಕೊಂಡು ಹೋದರೆ, ಇನ್ನೂ ಒಂದು ತಟ್ಟೆ ಬಾಕಿ ಐತೆ ಕಣೇ ಎನ್ನುತ್ತಿದ್ದಳು. ಆ ತಟ್ಟೆ ಎಷ್ಟೋ ಸಲ ಆಗಲೇ ಬೆಂದು, ಡಬ್ಬ ತುಂಬಿ, ಅವಳ ಪಕ್ಕದಲ್ಲೇ ಇರುತ್ತಿತ್ತು. ಬೇರೆ ಮನೆಯ ಹೆಂಗಸರೂ ಅಲ್ಲಿರುತ್ತಿದ್ದರು. ದೊಡ್ಡಮ್ಮ ಬಾಯಿಗೆ ಸೆರಗು ಮುಚ್ಚಿಕೊಳ್ಳದೆ ನಗುವುದನ್ನು ನಾನು ಕೇಳಿದ್ದು ಆ ಮೆಟ್ಟಿಲ ಮೇಲೆ ಮಾತ್ರ. ಈಗ ನನಗೂ ತಲೆ ನೆರೆತ ಮೇಲೆ ಅನಿಸುತ್ತದೆ, ನಮ್ಮ ಬೆಣ್ಣೆಯನ್ನು ಯಾರೂ ಕದಿಯುತ್ತಿರಲಿಲ್ಲ. ಬೇಕರಿಯವರು ಪಾಪ, ವರ್ಷ ವರ್ಷವೂ ಕಳ್ಳರೆಂಬ ಹೆಸರು ಹೊತ್ತುಕೊಂಡು ಅವಳಿಗೆ ಚಹಾ ಕೊಡುತ್ತಿದ್ದರು.

ಹೀಗೆ ಬಿಸ್ಕತ್ತಿನ ವಿಚಾರ ಬಂದರೆ ನಾನು ಕೇಳಬೇಕಾದ್ದು ದೊಡ್ಡಮ್ಮನನ್ನೇ. ಎಂಬತ್ತು ದಾಟಿದ್ದಾಳೆ, ದೊಡ್ಡಬಳ್ಳಾಪುರದಲ್ಲಿ ಮಂಜುವಿನ ಮನೆಯಲ್ಲಿದ್ದಾಳೆ. ಈಗಿನದು ಪವರ್‌ಲೂಮು, ಕಂಡಿಕೆ ಸುತ್ತುವುದಕ್ಕೂ ಮೆಷಿನ್ನು, ಆದರೂ ಆ ಮನೆಯ ಬೆಳ್ಳುಳ್ಳಿ ಪೂರ್ತಿ ಅವಳೇ ಬಿಡಿಸುವುದು. ಫೋನ್ ಮಾಡಿದೆ. ಮಗ್ಗಗಳ ಗದ್ದಲದಲ್ಲಿ ಅವಳಿಗೆ ಅರ್ಧ ಕೇಳುತ್ತದೆ, ಅರ್ಧ ಕೇಳುವುದಿಲ್ಲ. ನಾನೂ ಸುಸ್ತಾಗಿದ್ದೆ, ಟ್ರೇಲರು, ಗ್ಯಾಸು ಎಂದು ಪೀಠಿಕೆ ಹಾಕದೆ ನೇರವಾಗಿ ದುಃಖ ತೋಡಿಕೊಂಡೆ.

"ಈ ಅವನ್ ಸಹವಾಸ ಸಾಕಾಗ್ಹೋಯ್ತು ದೊಡ್ಡಮ್ಮ. ಎಷ್ಟೊತ್ತು ಕಾದ್ರೂ ಬಿಸಿ ಆಗಲ್ಲ, ಆಯ್ತು ಅಂದ್ರೆ ಒಂದೇ ಸಲ ಉರಿದು ಎಲ್ಲಾ ಸುಟ್ಟು ಹಾಕುತ್ತೆ."

ಆ ಕಡೆಯಿಂದ ದೊಡ್ಡಮ್ಮ ಸಣ್ಣ ದನಿಯಲ್ಲಿ, ಎಷ್ಟು ದಿನದಿಂದ ಹೀಗೆ ಎಂದು ಕೇಳಿದಳು. ಮನೆಗೆ ಬಂದಾಗಿನಿಂದಲೂ ಹೀಗೇ ಎಂದೆ. ಅಳಿಯಂದಿರಿಗೆ ವಯಸ್ಸಾಯಿತಲ್ಲ, ನೀನೇ ತಗ್ಗಿ ಹೋಗಬೇಕು ಎಂದಳು. ಅಳಿಯಂದಿರ ವಯಸ್ಸಿಗೂ ಬಿಸ್ಕತ್ತಿಗೂ ಏನು ಸಂಬಂಧ ಎಂದು ನನಗೆ ಹೊಳೆಯಲಿಲ್ಲ. ಮಾರಿಬಿಡೋಣ ಅಂದರೆ ಇದನ್ನು ತಗೊಳ್ಳುವವರು ಯಾರು ಎಂದು ನಗುತ್ತ ಫೋನಿಟ್ಟೆ.

ಮಾರನೇ ದಿನ ಬೆಳಿಗ್ಗೆ ಮಂಜು ಬಾಗಿಲಲ್ಲಿದ್ದ. ಮುಖ ಇಳಿಬಿದ್ದಿತ್ತು. ನನ್ನ ಕೈಯನ್ನೂ ಕುತ್ತಿಗೆಯನ್ನೂ ಕದ್ದು ಕದ್ದು ನೋಡಿದ. ನನ್ನ ಮುಂಗೈಯಲ್ಲಿ ಅವನ್ನಿನ ಬಾಗಿಲು ತಾಗಿ ಸುಟ್ಟ ಗಾಯ ಬೇರೆ ಇತ್ತು, ಅದನ್ನು ಕಂಡು ಅವನ ಕಣ್ಣು ತುಂಬಿಬಂತು. ಅಷ್ಟರಲ್ಲಿ ನಮ್ಮವರು ಬಂದು, ಏನೋ ಮಂಜು ಇಷ್ಟು ಬೆಳಿಗ್ಗೆ ಎಂದರು. ಅವನು ನೆಟ್ಟಗೆ ನಿಂತು, ಬಹಳ ಕಷ್ಟಪಟ್ಟು ಬಾಯಿಬಿಟ್ಟ.

"ಭಾವ, ನೀವು ದೊಡ್ಡೋರು. ನಾನ್ ಹೇಳೋ ಹಂಗಿಲ್ಲ. ಆದ್ರೆ ಅಕ್ಕ ನಿಮ್ಮನ್ನ ಅವನ್ ಅಂದ್ಲಂತೆ. ಅವ್ಳ ಬಾಯಲ್ಲಿ ಅಂಥ ಮಾತು ಬಂತು ಅಂದ್ರೆ ವಿಷ್ಯ ಕೈ ಮೀರೈತೆ ಅಂತ ದೊಡ್ಡಮ್ಮ ರಾತ್ರಿಯೆಲ್ಲ ಮಲಗಿಲ್ಲ."

ನಮ್ಮ ಮನೆಯ ಹೆಂಗಸರು ಗಂಡನ ಹೆಸರು ಹೇಳುವವರಲ್ಲ. ಅವರು, ನಮ್ಮವರು, ಇವರೇ, ಅಷ್ಟರಲ್ಲೇ ಸಂಸಾರ ಸಾಗಿಸುತ್ತೇವೆ. ಅಂಥದರಲ್ಲಿ ನಾನು ಗಂಡನನ್ನು ಅವನ್ ಎಂದು ಕರೆದು, ಮಾರುವ ಮಾತೂ ಆಡಿದ್ದೆ. ನನ್ನ ಮಗಳನ್ನು ಬೈದುಕೊಂಡೆ. ನಾನು ಓವನ್ ಎಂದೇ ಹೇಳುತ್ತಿದ್ದವಳು, ಹಾಗಲ್ಲಮ್ಮ ಅವನ್ ಅನ್ನಬೇಕು ಎಂದು ನಾಲಿಗೆ ತಿದ್ದಿದವಳು ಅವಳೇ. ನಮ್ಮವರಿಗೆ ವಿಷಯ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು, ತಿಳಿದ ಮೇಲೆ ನಗು ನಿಲ್ಲಲು ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಮಂಜುವನ್ನು ಕರೆದುಕೊಂಡು ಹೋಗಿ, ಬಗ್ಗಿ ನೋಡು, ನಿನ್ನಕ್ಕನ ಅವನ್ ಇವನೇ ಎಂದು ಒಲೆಯ ಬಾಗಿಲು ತೆಗೆದು ತೋರಿಸಿದರು.

ದೊಡ್ಡಮ್ಮನಿಗೆ ನಾನೇ ಫೋನ್ ಮಾಡಿ ವಿವರಿಸಿದೆ. ಒಲೆಗೆ ಒಲೆ ಅನ್ನೋಕೆ ನಿಮಗೇನು ರೋಗ ಎಂದು ಚೆನ್ನಾಗಿ ಬೈದಳು. ಬೈದು ಹಗುರಾದ ಮೇಲೆ, ಸಮಯ ನೋಡಿ, ಒಂದು ದಿನ ನಮ್ಮ ಜೊತೆ ಈ ಗಾಡಿಯಲ್ಲಿ ಬಾ ದೊಡ್ಡಮ್ಮ ಎಂದೆ. ಯಾರ ಮದುವೆ ಎಂದಳು. ಮದುವೆ ಇಲ್ಲ. ಹಾಗಾದರೆ ಹರಕೆಯೇ ಎಂದಳು. ಹರಕೆಯೂ ಇಲ್ಲ, ಎಲ್ಲಾದರೂ ಕೆರೆ ಪಕ್ಕ ಗಾಡಿ ನಿಲ್ಲಿಸಿ ಸಂಜೆಯವರೆಗೆ ಕೂತಿದ್ದು ಬರೋಣ ಎಂದೆ.

"ಅಲ್ಲಿ ಬಂದು ನಾನೇನ್ ಮಾಡ್ಲಿ ಸರೋಜ? ನೀವು ಹೋಗ್ಬನ್ನಿ."

ಬೇಸರದಿಂದ ಹೇಳಿದ್ದಲ್ಲ. ನಿಜವಾಗಿಯೂ ಅವಳಿಗೆ ಅರ್ಥವಾಗಿರಲಿಲ್ಲ. ಎಂಬತ್ತು ವರ್ಷದಲ್ಲಿ ಈ ಹೆಂಗಸು ಊರು ಬಿಟ್ಟು ಹೊರಟದ್ದೆಲ್ಲ ಮದುವೆಗೆ, ಸಾವಿಗೆ, ಬಾಣಂತನಕ್ಕೆ, ಆಸ್ಪತ್ರೆಗೆ. ಫೋನಿಟ್ಟ ಮೇಲೆ ನನಗೆ ಬಹಳ ಸಂಕಟವಾಯಿತು. ಒಂದು ದಿನವಾದರೂ ಅವಳು ಯಾರಿಗೂ ಉಪಯೋಗಕ್ಕೆ ಬಾರದೆ, ಗಾಳಿಗೆ ಮುಖ ಕೊಟ್ಟು ಕೂತಿರುವುದನ್ನು ನಾನು ನೋಡಬೇಕು ಎಂಬ ಹಟ ಹಿಡಿದುಕೊಂಡಿತು. ಬೇರೆಯವರು ಈ ವಯಸ್ಸಿನಲ್ಲಿ ಕಾಶಿಗೆ ಹೋಗಬೇಕು, ದುಬೈ ನೋಡಬೇಕು ಎಂದು ಹಟ ಹಿಡಿಯುತ್ತಾರೆ, ನನ್ನದು ಇಷ್ಟೇ.

ಎರಡು ದಿನ ಬಿಟ್ಟು ಮತ್ತೆ ಫೋನ್ ಮಾಡಿದೆ. ಈ ಸಲ ಬಾ ಎನ್ನಲಿಲ್ಲ. ಬೆಣ್ಣೆ ಹಾಳಾಗುತ್ತಿದೆ ಎಂದೆ. ಒಲೆ ಹಿಂದೆ ಸುಡುತ್ತದೆ, ಮುಂದೆ ಬೇಯುವುದಿಲ್ಲ, ಒಬ್ಬರು ಎದುರಿಗೇ ಕೂತು ಆಗಾಗ ತಟ್ಟೆ ತಿರುಗಿಸಬೇಕು, ನನಗೆ ಮಂಡಿನೋವು, ಕೆಳಗೆ ಕೂರಲು ಆಗುವುದಿಲ್ಲ, ಇವರಿಗೆ ತಾಳ್ಮೆಯಿಲ್ಲ ಎಂದೆ. ಯಾವ ಬೆಣ್ಣೆ ಎಂದು ಕೇಳಿದಳು. ಅಂಗಡಿಯದಲ್ಲ, ಹಳ್ಳಿಯಿಂದ ತರಿಸಿದ್ದು ಎಂದೆ. ಅಯ್ಯೋ ಎಂದು ನಿಟ್ಟುಸಿರು ಬಿಟ್ಟು, ಗುರುವಾರ ಮಂಜು ಜೊತೆ ಬರುತ್ತೇನೆ, ಅಷ್ಟರವರೆಗೆ ಇನ್ನೊಂದು ತಟ್ಟೆ ಇಡಬೇಡ ಎಂದಳು. ಅವಳನ್ನು ಕೆಲಸವಿಲ್ಲದೆ ಕೂರಿಸುವುದಕ್ಕೆ ಕೆಲಸದ ಆಸೆಯನ್ನೇ ತೋರಿಸಬೇಕಾಯಿತು. ಬಂದ ಮೇಲೆ ಉಳಿದದ್ದನ್ನು ಗಾಳಿ ನೋಡಿಕೊಳ್ಳಲಿ ಎಂದುಕೊಂಡೆ.

ಈಗ ನನ್ನ ಪೂರಾ ಏರ್ಪಾಡು ನಿಂತಿದ್ದು ಒಲೆಯ ಐಬಿನ ಮೇಲೆ. ನಮ್ಮವರೋ ಐಬು ಕಂಡರೆ ಊಟ ಬಿಡುವ ಮನುಷ್ಯ. ಮದುವೆಮನೆಯಲ್ಲಿ ಕುರ್ಚಿ ಅಲುಗಾಡಿದರೆ ಜೇಬಿನಿಂದ ಸ್ಕ್ರೂಡ್ರೈವರ್ ತೆಗೆಯುತ್ತಾರೆ. ದಿನವೂ ಒಲೆಯ ಮುಂದೆ ಕೂತು, ಇದಕ್ಕೊಂದು ದಾರಿಯಿದೆ, ಒಳಗೆ ತಳದಲ್ಲಿ ಏನಾದರೂ ದಪ್ಪನೆಯದು ಇಟ್ಟರೆ ಕಾವು ಹರಡುತ್ತದೆ ಎಂದು ಗೊಣಗುತ್ತಿದ್ದರು. ನೀವು ಅದನ್ನು ಮುಟ್ಟಕೂಡದು ಎಂದೆ. ಯಾಕೆ ಎಂದರು. ಹಾಗೇ ಇರಲಿ, ನನಗೆ ಅಭ್ಯಾಸವಾಗಿದೆ ಎಂದೆ. ನಿಜ ಹೇಳಿಬಿಡಬಹುದಿತ್ತು. ಆದರೆ ಅವರ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲ, ನಿಮಗೋಸ್ಕರ ಒಲೆ ರಿಪೇರಿ ಮಾಡದೆ ಬಿಟ್ಟಿದ್ದೀವಿ ಅತ್ತೆ ಎಂದು ದೊಡ್ಡಮ್ಮನ ಎದುರಿಗೇ ಹೇಳಿಬಿಡುವ ಪೈಕಿ. ಆಗ ಅವಳು ಮೊದಲ ಬಸ್ಸಿಗೇ ಹೊರಡುತ್ತಾಳೆ.

ಗುರುವಾರ ಸಂಜೆ ದೊಡ್ಡಮ್ಮ ಬಂದಳು, ಮಂಜು ಅವಳನ್ನು ಬಿಟ್ಟು ಹೋದ. ಚೀಲದಲ್ಲಿ ಒಂದು ಸೀರೆ, ಮಾತ್ರೆಯ ಡಬ್ಬಿ, ಬಿಸಿ ತಟ್ಟೆ ಹಿಡಿಯುವುದಕ್ಕೆಂದು ಹಳೆಯ ಪಂಚೆ ಹರಿದು ಮಾಡಿದ ದಪ್ಪ ಬಟ್ಟೆ. ಶುಕ್ರವಾರ ಬೆಳಿಗ್ಗೆ ಹೊರಟೆವು. ಜೀಪಿನ ಮುಂದಿನ ಸೀಟಿನಲ್ಲಿ ಅವಳು, ಹಿಂದೆ ನಾನು, ನಮ್ಮ ಹಿಂದೆ ಕುಲುಕುತ್ತ ಬರುವ ಮನೆ. ದಾರಿಯುದ್ದಕ್ಕೂ ಅವಳು ತಿರುಗಿ ತಿರುಗಿ, ಬೆಣ್ಣೆ ಕರಗಿತೇನೋ ನೋಡು ಎನ್ನುತ್ತಿದ್ದಳು. ತ್ಯಾಮಗೊಂಡ್ಲು ದಾಟಿ, ತೆಂಗಿನ ತೋಟಗಳು ಮುಗಿದ ಮೇಲೆ ಒಂದು ಕೆರೆ ಸಿಕ್ಕಿತು. ಏರಿಯ ಪಕ್ಕ ಹೊಂಗೆ ಮರದ ಕೆಳಗೆ ಗಾಡಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಕಿಟಕಿಗಳನ್ನೆಲ್ಲ ತೆರೆದೆವು.

ನಾನು ಬೋರಲು ಮಲಗಿ ಮಗ್ಗಿ ಹೇಳುವುದನ್ನು ದೊಡ್ಡಮ್ಮ ಬಾಗಿ ನೋಡಿದಳು. ಒಲೆ ಹಚ್ಚೋಕೆ ಮಂಡಿ ನೋಯಲ್ವಾ ಎಂದು ಕೇಳಿದಳು. ನಾನು ಎದ್ದು ಮೈದಾ ಡಬ್ಬವನ್ನು ಅವಳ ಮುಂದಿಟ್ಟೆ. ಅವಳೇ ಹಿಟ್ಟು ಕಲಸಿದಳು, ತಟ್ಟಿದಳು, ಮಣೆ ಹಾಕಿಕೊಂಡು ಒಲೆಯ ಎದುರು ಕೂತಳು. ತೊಡೆಯ ಮೇಲೆ ಆ ದಪ್ಪ ಬಟ್ಟೆ. ನಾನು ಅವಳ ಹಿಂದೆ ಹಾಸಿಗೆಯ ತುದಿಯಲ್ಲಿ ಕೂತು, ಅವಳ ಬೆನ್ನು ನೋಡುತ್ತಿದ್ದೆ. ಬೇಕರಿಯ ಮೆಟ್ಟಿಲ ಮೇಲೆ ನೋಡಿದ ಬೆನ್ನು ಇದೇ, ಆದರೆ ಅರ್ಧದಷ್ಟಾಗಿದೆ. ಅವಳು ಹೇಳುವುದನ್ನೆಲ್ಲ ಕೇಳಿಸಿಕೊಳ್ಳಬೇಕು, ಬೇಗ ಆಗಲಿ ಎನ್ನಬಾರದು ಎಂದುಕೊಂಡು ನಾನು ಬಹಳ ಸುಖವಾಗಿದ್ದೆ.

ಸ್ವಲ್ಪ ಹೊತ್ತಿಗೆ ಬಾಗಿಲು ತೆಗೆದು ನೋಡಿದಳು. ಮುಚ್ಚಿದಳು. ಮತ್ತೆ ತೆಗೆದು ನೋಡಿದಳು. ಹಿಂದಿನ ಸಾಲು ಸೀದಿರಲಿಲ್ಲ, ಮುಂದಿನ ಸಾಲು ಹಸಿಯಿರಲಿಲ್ಲ. ತಟ್ಟೆಯ ಈ ತುದಿಯಿಂದ ಆ ತುದಿಯವರೆಗೆ ಎಲ್ಲವೂ ಒಂದೇ ಬಣ್ಣಕ್ಕೆ, ಹದವಾಗಿ ಅರಳುತ್ತಿದ್ದವು. ನಾನು ಬಗ್ಗಿ ನೋಡಿದೆ. ತಟ್ಟೆಯ ಕೆಳಗೆ ಕಪ್ಪಗೆ ಏನೋ ಹಾಸಿತ್ತು. ಕಿಟಕಿಯಾಚೆಯಿಂದ ನಮ್ಮವರ ಮುಖ ಒಳಗೆ ಬಂತು, ಅಷ್ಟೂ ಹಲ್ಲು ಕಾಣುತ್ತಿತ್ತು.

"ಕಡಪ ಕಲ್ಲು ಕುಯ್ಸಿ ಇಟ್ಟಿದೀನಿ ಅತ್ತೆ. ಇನ್ಮೇಲೆ ಯಾರೂ ಕಾಯೋ ಹಂಗಿಲ್ಲ."

ನನಗೆ ಆ ಕಲ್ಲನ್ನು ಅವರ ತಲೆಯ ಮೇಲೇ ಹಾಕುವಷ್ಟು ಕೋಪ ಬಂತು. ಪಾಪ, ನನ್ನನ್ನು ಖುಷಿಪಡಿಸಲೆಂದೇ ಗುಟ್ಟಾಗಿ ಮಾಡಿದ್ದು. ಜೀವನದಲ್ಲಿ ಮೊದಲ ಬಾರಿಗೆ ಅವರ ಬಾಯಲ್ಲಿ ಗುಟ್ಟು ನಿಂತಿತ್ತು, ಅದೂ ಇವತ್ತಿನವರೆಗೆ. ದೊಡ್ಡಮ್ಮ ಚೆನ್ನಾಗಿ ಬೆಂದೈತೆ ಎಂದಳು. ತೊಡೆಯ ಮೇಲಿನ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಸಿಂಕಿನ ಪಕ್ಕ ಇಟ್ಟಳು. ಹಂಗಾದ್ರೆ ಇನ್ನು ನನ್ನ ಕೆಲಸ ಮುಗೀತು ಎಂದು ಮೆಲ್ಲಗೆ ಹೇಳಿ, ಕಂಬಿ ಹಿಡಿದುಕೊಂಡು ಎದ್ದಳು.

ನಾನು ಸುತ್ತ ಹುಡುಕಿದೆ. ಆರಿಸಲು ಅಕ್ಕಿಯಿಲ್ಲ, ಬಿಡಿಸಲು ಅವರೆಕಾಯಿಯಿಲ್ಲ, ಎರಡು ಗೆಡ್ಡೆ ಬೆಳ್ಳುಳ್ಳಿಯನ್ನಾದರೂ ತರಬಾರದಿತ್ತೇ ಎನಿಸಿತು. ತಿರುಗಿಸಿದರೆ ಇನ್ನೂ ಚೆನ್ನಾಗಿರುತ್ತೆ ದೊಡ್ಡಮ್ಮ ಎಂದೆ. ಅವಳು ನನ್ನ ಮುಖ ನೋಡಿದಳು. ಚಿಕ್ಕವಳಿದ್ದಾಗ ಸುಳ್ಳು ಹೊಟ್ಟೆನೋವು ಹೇಳಿದಾಗ ನೋಡುತ್ತಿದ್ದಳಲ್ಲ, ಹಾಗೆ. ಆಮೇಲೆ ಮೆಟ್ಟಿಲಿಳಿದು ಹೊರಗೆ ಹೋದಳು. ಈಗ ಮನೆಗೆ ಬಿಡಿ ಅನ್ನುತ್ತಾಳೆ ಎಂದು ನಾನು ಬಾಗಿಲಲ್ಲೇ ನಿಂತೆ. ಅವಳು ಹಾಗೆ ಅನ್ನಲಿಲ್ಲ. ಹೊಂಗೆ ಮರದ ನೆರಳಲ್ಲಿ ಹಾಕಿದ್ದ ಮಡಚು ಕುರ್ಚಿಯನ್ನು ಒಮ್ಮೆ ಅಲುಗಾಡಿಸಿ ನೋಡಿ, ಕೆರೆಯ ಕಡೆ ತಿರುಗಿಸಿಕೊಂಡು ಕೂತಳು.

ಬಿಸಿ ಬಿಸ್ಕತ್ತು ತಟ್ಟೆಗೆ ಹಾಕಿ ಕೊಟ್ಟೆ. ಒಂದನ್ನು ತಿಂದು ಉಳಿದದ್ದನ್ನು ಮಡಿಲಲ್ಲಿಟ್ಟುಕೊಂಡಳು. ಅವಳ ಕೈಗಳಿಗೆ ಎಲ್ಲಿರಬೇಕೆಂದು ತಿಳಿಯಲಿಲ್ಲ. ಸೆರಗು ಸರಿಮಾಡಿದವು, ಮಂಡಿ ಸವರಿದವು, ಕುರ್ಚಿಯ ಬಟ್ಟೆಯಲ್ಲಿ ಎದ್ದಿದ್ದ ಒಂದು ದಾರ ಹುಡುಕಿ ಕಿತ್ತವು. ಹೊರಡೋಣವೇ ಎಂದು ನಮ್ಮವರು ನನ್ನನ್ನು ಸನ್ನೆಯಲ್ಲಿ ಕೇಳಿದರು. ನಾನು ಅವಳನ್ನು ಕೇಳಿದೆ. ಅವಳು ನೀರಿನ ಕಡೆಯಿಂದ ಕಣ್ಣು ತೆಗೆಯಲಿಲ್ಲ. ಕೆರೆಯಲ್ಲಿ ನೀರು ಅರ್ಧಕ್ಕಿತ್ತು, ಅಂಚಿನ ಕೆಸರಿನಲ್ಲಿ ಬೆಳ್ಳಕ್ಕಿಗಳು ಕಾಲೆತ್ತಿ ನಿಂತಿದ್ದವು. ಗಾಳಿ ಅವಳ ಮುಂಗೂದಲನ್ನು ಹಾರಿಸುತ್ತಿತ್ತು, ಅವಳು ಹಿಂದಕ್ಕೆ ತಳ್ಳಲಿಲ್ಲ. ಯಾವಾಗಲೋ ಆ ಕೈಗಳೂ ಸುಮ್ಮನಾದವು.

ಏರಿಯ ಮೇಲೆ ಹುಲ್ಲಿನ ಹೊರೆ ಹೊತ್ತುಕೊಂಡು ಒಬ್ಬ ಹೆಂಗಸು ಬರುತ್ತಿದ್ದಳು. ನಿಂತ ಗಾಡಿಯನ್ನೂ, ಬರಿಗೈಯಲ್ಲಿ ಕೂತ ಮುದುಕಿಯನ್ನೂ ನೋಡಿ ಅವಳಿಗೆ ಕನಿಕರವಾಗಿರಬೇಕು. ಗಾಡಿ ಕೆಟ್ಟೋಯ್ತೇನಜ್ಜಿ, ಪಾಪ, ಈ ಬಿಸಿಲ ಹೊತ್ತಲ್ಲಿ ಇಲ್ಲಿ ಕೂತಿದೀರ ಎಂದಳು. ದೊಡ್ಡಮ್ಮ ಗಂಡ ಹೋದಾಗಿನಿಂದ ತಪ್ಪಿಸಿಕೊಂಡು ಬಂದ, ಯಾಕೆ ಬಂದೆ ಎಂಬ ಪ್ರಶ್ನೆ ಇದೇ, ಇವತ್ತು ಅವಳ ಕೈಯಲ್ಲಿ ತೋರಿಸಲು ಏನೂ ಇಲ್ಲ. ಅವಳ ಪರವಾಗಿ ಏನಾದರೂ ಹೇಳೋಣವೆಂದು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವಳೇ ಕುರ್ಚಿಯಲ್ಲಿ ಇನ್ನಷ್ಟು ಹಿಂದಕ್ಕೆ ಒರಗಿಕೊಂಡು ಹೇಳಿದಳು.

"ಇಲ್ಲ ಕಣವ್ವ, ಗಾಡಿ ಚೆನ್ನಾಗೇ ಐತೆ. ನಂಗೇ ಇಲ್ಲಿ ಒಸಿ ಹೊತ್ತು ಕೂತ್ಕೋಬೇಕು ಅನ್ನುಸ್ತು."